ಸೆರೆಯಾಳಾಗಿದ್ದ ನಾಡಿಗೇ ಮರಳಿದ ಸಂತ ಪ್ಯಾಟ್ರಿಕರು

ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಯೊ ಸೀಮೆಯಲ್ಲಿ 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್ ಬೆಟ್ಟವಿದೆ. ಪ್ರತಿವರ್ಷ ಜುಲೈ ತಿಂಗಳ ಕೊನೆಯ ಭಾನುವಾರ ಸಹಸ್ರಾರು ಭಕ್ತಾದಿಗಳು ಈ ಬೆಟ್ಟವನ್ನೇರುತ್ತಾರೆ. ಕೆಲವರು ಬರಿಗಾಲಿನಲ್ಲೇ ಏರುವುದುಂಟು. ಬೆಟ್ಟಕ್ಕೆ ಯಾರ ಹೆಸರಿದೆಯೋ ಆ ಮಹನೀಯರು ಮೊದಲು ಐರ್ಲೆಂಡಿಗೆ ಬಂದದ್ದು ಸಂತರಾಗಿ ಅಲ್ಲ, ಗುಲಾಮರಾಗಿ.

ರೋಮನ್ನರ ಬ್ರಿಟನ್ನಿನಲ್ಲಿ ಜನಿಸಿದ ಪ್ಯಾಟ್ರಿಕರ ತಂದೆ ಕಲ್ಪೂರ್ನಿಯಸ್ ಉಪಯಾಜಕರು; ತಾತ ಗುರುಗಳು. ಆದರೂ ಬಾಲಕನಿಗೆ ದೈವಚಿಂತನೆ ಇರಲಿಲ್ಲ. ಸುಮಾರು 16ರ ಹರೆಯದಲ್ಲಿ ಕಡಲುಗಳ್ಳರು ಆತನನ್ನು ಐರ್ಲೆಂಡಿಗೆ ಹೊತ್ತೊಯ್ದರು. ಆರು ವರ್ಷ ಮಳೆ, ಹಿಮಗಳಲ್ಲಿ ಕುರಿ ಕಾಯುತ್ತಾ, ಹಗಲಿರುಳು ಪ್ರಾರ್ಥಿಸುತ್ತಾ ಆತ ದೇವರನ್ನು ಕಂಡುಕೊಂಡನು. ಬಳಿಕ ತಪ್ಪಿಸಿಕೊಂಡು, 200 ಮೈಲು ನಡೆದು, ಹಡಗೇರಿ, ಕೊನೆಗೆ ತಾಯ್ತಂದೆಯರನ್ನು ಸೇರಿದನು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಪಶ್ಚಿಮ ಕಡಲಂಚಿನ ಜನರು ತನ್ನನ್ನು ಮರಳಿ ಕರೆಯುತ್ತಿರುವಂತೆ ಆತನಿಗೆ ಕನಸಾಯಿತು. ಇನ್ನೆಂದಿಗೂ ಅಗಲಬೇಡವೆಂದು ಬಂಧುಗಳು ಬೇಡಿಕೊಂಡಿದ್ದರು. ಆದರೂ ಪ್ಯಾಟ್ರಿಕರು ಧರ್ಮಾಧ್ಯಕ್ಷರಾಗಿ, ತಮ್ಮನ್ನು ದಾಸ್ಯಕ್ಕೆ ದೂಡಿದ ನಾಡಿಗೇ ಶುಭಸಂದೇಶವನ್ನು ಒಯ್ದರು. ಸಾವಿರಾರು ಮಂದಿಗೆ ಜ್ಞಾನಸ್ನಾನವಿತ್ತರು. ಕೊರೋಟಿಕಸ್ ಎಂಬ ದಳಪತಿಯ ಸೈನಿಕರು ನವಕ್ರೈಸ್ತರನ್ನು ಕೊಂದು, ಉಳಿದವರನ್ನು ಗುಲಾಮರನ್ನಾಗಿ ಒಯ್ದಾಗ ಕಟುವಾದ ಪತ್ರ ಬರೆದು ಖಂಡಿಸಿದರು. ತಮಗಾದ ಅನ್ಯಾಯವನ್ನು ಮನ್ನಿಸಿದವರು ಪರರಿಗಾದ ಅನ್ಯಾಯವನ್ನು ಸಹಿಸಲಿಲ್ಲ.

ಕ್ರಿ.ಶ. 441ರ ತಪಸ್ಸುಕಾಲದಲ್ಲಿ ಅವರು ಈ ಬೆಟ್ಟದ ಮೇಲೆ 40 ದಿನ ಉಪವಾಸವಿದ್ದರೆಂಬುದು ಪ್ರತೀತಿ. ಕಪ್ಪು ಹಕ್ಕಿಗಳ ರೂಪದಲ್ಲಿ ಮುತ್ತಿದ ದೆವ್ವಗಳನ್ನು ಗಂಟೆ ಬಾರಿಸಿ ಓಡಿಸಿದರು, ಹಾವುಗಳನ್ನು ಕಡಲಿಗಟ್ಟಿದರು ಎಂದು ಜನಪದರು ಹೇಳುತ್ತಾರೆ. ಹಿಮಯುಗದ ನಂತರ ಐರ್ಲೆಂಡಿನಲ್ಲಿ ಹಾವುಗಳೇ ಇರಲಿಲ್ಲವೆಂದು ವಿಜ್ಞಾನಿಗಳು ತಿಳಿಸುತ್ತಾರೆ. ಆದರೆ ದ್ವೇಷವೆಂಬ ವಿಷಸರ್ಪವನ್ನು ಸಂತರು ತಮ್ಮ ಹೃದಯದಿಂದ ಹೊರಗಟ್ಟಿದ್ದು ನಿಜ.

ಕ್ರೈಸ್ತಧರ್ಮ ಬರುವುದಕ್ಕೆ ಮುನ್ನವೂ ಸುಗ್ಗಿಯ ಆರಂಭದಲ್ಲಿ ಜನರು ಈ ಬೆಟ್ಟದಲ್ಲಿ ಸೇರುತ್ತಿದ್ದರೆಂದು ನಂಬಲಾಗಿದೆ. 1990ರ ದಶಕದ ಉತ್ಖನನದಲ್ಲಿ ಶಿಖರದ ಮೇಲೆ ಪುರಾತನ ಪ್ರಾರ್ಥನಾಲಯದ ತಳಪಾಯ ದೊರೆಯಿತು. ಈಗಿರುವ ಗುಡಿ ಕಟ್ಟಿದ್ದು 1905ರಲ್ಲಿ.

ಯಾತ್ರೆ ಹೊರಡುವುದು ತಪ್ಪಲಿನ ಮರಿಸ್ಕ್ ಗ್ರಾಮದಿಂದ. ಶಿಖರದ ಬುಡದಲ್ಲಿರುವ ಕಲ್ಲುಗುಪ್ಪೆಯನ್ನು ಯಾತ್ರಿಕರು ಏಳು ಸುತ್ತು ಬಂದು ಏಳು ಪರಲೋಕ ಮಂತ್ರ, ಏಳು ನಮೋ ಮರಿಯ, ಒಂದು ವಿಶ್ವಾಸ ಸಂಗ್ರಹ ಜಪಿಸುತ್ತಾರೆ. ಮುಂದಿನದು ಜಾರುಕಲ್ಲುಗಳ ಕಡಿದಾದ ದಾರಿ. ಮೇಲೆ ತಲಪಿ, ಗುಡಿಯನ್ನು ಹದಿನೈದು ಸುತ್ತು ಬರುವುದು ವಾಡಿಕೆ.

ಅಷ್ಟು ದೂರದ ಬೆಟ್ಟವನ್ನು ನಾವು ಏರಲಾರೆವು. ಆದರೆ ನಮ್ಮನ್ನು ನೋಯಿಸಿದವರ ಮನೆಯ ಹೊಸ್ತಿಲು ಅಷ್ಟು ದೂರವೇನಲ್ಲ. ಮಾರ್ಚ್ 17ರಂದು ಸಂತ ಪ್ಯಾಟ್ರಿಕರ ಹಬ್ಬವನ್ನು ಆಚರಿಸುವಾಗ, ಮುನಿಸಿನಿಂದ ದೂರವಾದ ಒಬ್ಬ ಬಂಧುವಿನ ಬಾಗಿಲನ್ನಾದರೂ ತಟ್ಟೋಣ. ಪ್ಯಾಟ್ರಿಕರು ಏರಿದ ನಿಜವಾದ ಬೆಟ್ಟ ಅದೇ.