ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ವಿದ್ಯಾರ್ಥಿಜೀವನವೂ ಋಣವಿಮೋಚನೆಯೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಸೀಮೆಯು ಕೆರೆಯನ್ನೂ ಮುಗಿಲನ್ನೂ ನಂಬಿ ಬಾಳಿದ ಸೀಮೆಯಾಗಿರುವುದು. ಜಯಮಂಗಲಿಯು ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ ಮಧುಗಿರಿಗಳ ನೆಲವನ್ನು ಹಾದುಹೋಗುವುದಾದರೂ ವರ್ಷದ ಬಹುಭಾಗ ಅದರ ಪಾತ್ರದಲ್ಲಿ ಕಾಣುವುದು ಮರಳೇ. ಇಂತಹ ನೆಲದ ಒಕ್ಕಲಮನೆಯ ಬಾಲಕನು ಊರ ಶಾಲೆಯನ್ನು ಮುಗಿಸಿ, ತುಮಕೂರಿಗೋ ಬೆಂಗಳೂರಿಗೋ ಹೋಗಿ ಮುಂದಕ್ಕೆ ಓದಬೇಕೆಂದು ಹೊರಟಾಗ, ಅವನ ಬುದ್ಧಿಯ ವಿಚಾರಕ್ಕಿಂತ ಮೊದಲು ಅವನ ಅನ್ನದ ಮತ್ತು ಬಿಡಾರದ ವಿಚಾರವು ತಂದೆತಾಯಿಗಳನ್ನು ಕಾಡುತ್ತಿದ್ದಿತು. ಮಠಗಳಲ್ಲಿ ಅನ್ನದಾಸೋಹದ ಬೆನ್ನಿಗೇ ವಿದ್ಯಾದಾಸೋಹವೂ ಬೆಳೆದುಬಂದುದರ ಕಾರಣವು ಭಕ್ತಮಹಾಶಯರಿಗೆ ತಿಳಿಯದುದಲ್ಲ. ಪರರ ನೆರವಿನಿಂದ ಕಾಲೇಜಿನಲ್ಲಿ ಕಲಿತ ಬಡ ಹುಡುಗನೊಬ್ಬನು ಆ ನೆರವನ್ನು ಹೇಗೆ ಬಳಸಿದನು, ಅದರ ಋಣವನ್ನು ಯಾವ ಬಗೆಯಲ್ಲಿ ತೀರಿಸಿದನು ಎಂಬುದನ್ನು ಅರಿಯಲು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಚರಿತ್ರೆಗಿಂತ ತಕ್ಕ ದೃಷ್ಟಾಂತವು ಮೈಸೂರು ಸೀಮೆಯಲ್ಲಿ ದೊರೆಯುವುದು ಕಷ್ಟ.

ಇವರು 1861ನೆಯ ಇಸವಿ ಸೆಪ್ಟೆಂಬರು 15ನೆಯ ತಾರೀಖಿನಂದು ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆತನದ ಪೂರ್ವಿಕರು ಕರ್ನೂಲು ಸೀಮೆಯ ಮೋಕ್ಷಗುಂಡವೆಂಬ ಗ್ರಾಮದಿಂದ ಬಂದವರು. ಶಾಸ್ತ್ರಿಗಳು ಸಂಸ್ಕೃತದಲ್ಲಿ ವಿದ್ವಾಂಸರು. ಆದರೆ ಮನೆಯಲ್ಲಿ ಐಶ್ವರ್ಯವಿರಲಿಲ್ಲ. ಬಾಲಕನು ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿಯೇ ತಂದೆಯವರು ಪರಲೋಕವನ್ನೈದಿದರು. ತಾಯಿಯ ದೃಢಚಿತ್ತವೂ ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಶ್ರಯವೂ ಇಲ್ಲದೆ ಹೋಗಿದ್ದರೆ ಆ ಓದು ಅಲ್ಲಿಗೇ ನಿಂತುಹೋಗುತ್ತಿದ್ದಿತು.

ಬೆಂಗಳೂರಿನಲ್ಲಿ ಮೊದಲು ವೆಸ್ಲಿಯನ್ ಮಿಷನ್ ಶಾಲೆಯಲ್ಲಿಯೂ ತರುವಾಯ ಸೆಂಟ್ರಲ್ ಕಾಲೇಜಿನಲ್ಲಿಯೂ ಇವರ ವ್ಯಾಸಂಗವು ನಡೆಯಿತು. ಊಟದ ಮತ್ತು ವಸತಿಯ ವೆಚ್ಚಕ್ಕೆ ಕೊಡಗಿನವರಾದ ಅಧಿಕಾರಿಯೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ತಮ್ಮ ಪಾಠವನ್ನು ಓದಿಕೊಳ್ಳುತ್ತಿದ್ದರು. ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಎಂಬುವರು ಗಣಿತದಲ್ಲಿ ಈ ಹುಡುಗನಿಗಿದ್ದ ಚಾತುರ್ಯವನ್ನು ಕಂಡು ಅಪಾರವಾದ ವಿಶ್ವಾಸವನ್ನು ತೋರಿದರು. ಬಹಳ ವರ್ಷಗಳ ಮೇಲೆ ಆ ಗುರುಗಳು ತೀರಿಕೊಂಡಾಗ, ತಮ್ಮ ಚಿನ್ನದ ಗುಂಡಿಗಳು ವಿಶ್ವೇಶ್ವರಯ್ಯನವರಿಗೆ ಸಲ್ಲಬೇಕೆಂದು ಮರಣಶಾಸನದಲ್ಲಿ ಬರೆದಿದ್ದರು. ಶಿಷ್ಯನ ಹೆಸರನ್ನು ತನ್ನ ಉಯಿಲಿನಲ್ಲಿ ಸೇರಿಸಿದ ಗುರುವನ್ನು ಪಡೆಯುವುದು ಯಾವ ವಿದ್ಯಾರ್ಥಿವೇತನಕ್ಕೂ ಕಡಿಮೆಯಾದ ಭಾಗ್ಯವಲ್ಲ!

1881ನೆಯ ಇಸವಿಯ ವೇಳೆಗೆ ಇವರು ಬಿ. ಎ. ಪದವೀಧರರಾದರು. ಅದೇ ವರ್ಷದ ಮಾರ್ಚಿ ತಿಂಗಳಲ್ಲಿ ಐವತ್ತು ವರ್ಷಗಳ ಇಂಗ್ಲಿಷರ ಆಡಳಿತವು ಕೊನೆಗೊಂಡು, ಮೈಸೂರು ಸಂಸ್ಥಾನವು ಶ್ರೀ ಚಾಮರಾಜೇಂದ್ರ ಒಡೆಯರವರ ಕೈಗೆ ಮರಳಿ ಬಂದಿದ್ದಿತು. ದಿವಾನರಾಗಿದ್ದ ರಂಗಾಚಾರ್ಲು ಅವರ ಸರಕಾರವು ಈ ತರುಣನಿಗೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ಕಲಿಯಲು ವಿದ್ಯಾರ್ಥಿವೇತನವನ್ನು ದಯಪಾಲಿಸಿತು. 1876ರಿಂದ 1878ರವರೆಗಿನ ಘೋರಕ್ಷಾಮದಿಂದ ಬೊಕ್ಕಸವು ಸಾಲದಲ್ಲಿ ಮುಳುಗಿದ್ದ ಕಾಲವದು. ಮಧುಗಿರಿ ಪಾವಗಡಗಳ ಕಡೆಯ ಹಳ್ಳಿಗಳು ಇನ್ನೂ ಚೇತರಿಸಿಕೊಂಡಿರಲಿಲ್ಲ. ಅಂತಹ ದಿನಗಳಲ್ಲಿ ಒಬ್ಬ ಹುಡುಗನ ಓದಿಗಾಗಿ ಹಣವನ್ನು ಪರಪ್ರಾಂತಕ್ಕೆ ಕಳುಹಿಸುವುದು ಸಣ್ಣ ಧೈರ್ಯವಾಗಿರಲಿಲ್ಲ. ಅದು ರಾಗಿ ಬೆಳೆದು ಕಂದಾಯ ಕಟ್ಟಿದವರ ಹಣವೆಂಬುದನ್ನು ಇಲ್ಲಿ ನೆನೆಯಬೇಕು.

ಪುಣೆಯಲ್ಲಿ ಇವರಿಗೆ ಓದಲ್ಲದೆ ಬೇರೆ ವ್ಯಾಪಾರವಿರಲಿಲ್ಲ. ಜೀವನದಲ್ಲಿ ಮೊದಲನೆಯ ಸಲ ನಾಳಿನ ಊಟದ ಚಿಂತೆಯಿಲ್ಲದೆ ಪುಸ್ತಕವನ್ನು ತೆರೆಯುವ ಅವಕಾಶವು ದೊರೆತಿದ್ದಿತು. 1883ನೆಯ ಇಸವಿ ನವೆಂಬರಿನ ಪರೀಕ್ಷೆಯಲ್ಲಿ ಮುಂಬಯಿ ಆಧಿಪತ್ಯಕ್ಕೇ ಮೊದಲಿಗರಾಗಿ ಉತ್ತೀರ್ಣರಾಗಿ ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಪಡೆದರು. ಆ ಶುಭವಾರ್ತೆಯನ್ನು ಕೇಳಲು ರಂಗಾಚಾರ್ಲು ಅವರು ಉಳಿದಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಅವರು ಕಾಲವಾಗಿದ್ದರು. ಸಸಿಗೆ ನೀರೆರೆದವನು ಫಲವನ್ನು ಕಾಣದೆ ಹೋಗುವುದು ವಿದ್ಯಾದಾನದಲ್ಲಿ ಅಪೂರ್ವವೇನೂ ಅಲ್ಲವಷ್ಟೆ.

ಪರೀಕ್ಷೆಯಲ್ಲಿ ಮೊದಲಿಗರಾದವರಿಗೆ ಮುಂಬಯಿ ಸರಕಾರದಲ್ಲಿ ಹುದ್ದೆಯು ನಿಶ್ಚಿತವಾಗಿದ್ದುದರಿಂದ, 1884ರಲ್ಲಿ ಇವರು ಅಸಿಸ್ಟೆಂಟ್ ಇಂಜಿನಿಯರರಾಗಿ ನಾಸಿಕದಲ್ಲಿ ಕೆಲಸಕ್ಕೆ ಸೇರಿದರು. ಮೈಸೂರಿನ ಹಣದಿಂದ ಕಲಿತವರು ಮುಂಬಯಿಗೆ ದುಡಿದರಲ್ಲಾ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಕಾಲೇಜು ಕಲಿಸದೆ ಬಿಟ್ಟುದನ್ನು ಆ ಇಪ್ಪತ್ತನಾಲ್ಕು ವರ್ಷಗಳು ಕಲಿಸಿದುವು. ಖಾನದೇಶದಲ್ಲಿ ಪಾಂಝರಾ ನದಿಗೆ ಅಡ್ಡಲಾಗಿ ಕೊಳಾಯಿಯನ್ನು ಹಾಯಿಸುವ ಕೆಲಸದಲ್ಲಿ ಮಳೆಯೂ ಮರಳೂ ವಿಘ್ನವನ್ನೊಡ್ಡಲು, ಕೆಲಸವನ್ನು ಮುಂದಕ್ಕೆ ಹಾಕಬಹುದೇ ಎಂದು ತರುಣ ಇಂಜಿನಿಯರರು ಮೇಲಧಿಕಾರಿಗೆ ಬರೆದರು. ಅದು ಅಧಿಕಾರಿಗೆ ಅವಿಧೇಯತೆಯಂತೆ ತೋರಿತು. ಆ ಮಾತಿನಿಂದ ನೊಂದರೂ ಇವರು ವಾದಕ್ಕೆ ನಿಲ್ಲದೆ, ಕಷ್ಟಗಳನ್ನು ಸಹಿಸಿ ಕೆಲಸವನ್ನು ಮುಗಿಸಿಯೇ ತೋರಿಸಿದರು. ಮೊದಲ ದರ್ಜೆಯಲ್ಲಿ ಗೆದ್ದ ವಿದ್ಯಾರ್ಥಿಯು ಕೆಲಸಗಾರನಾದುದು ಆ ಮರಳಿನಲ್ಲಿಯೇ ಎನ್ನಬಹುದು.

1894ರ ಸುಮಾರಿಗೆ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸುವ ಭಾರವು ಇವರ ಮೇಲೆ ಬಿದ್ದಿತು. ಸಿಂಧೂನದಿಯ ನೀರು ಕೆಸರಿನಿಂದ ತುಂಬಿತ್ತು. ಅದನ್ನು ಸೋಸುವ ಯಂತ್ರಗಳಿಗೆ ಹಣವಿರಲಿಲ್ಲ. ಇವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ಮರಳಿನ ಮೂಲಕ ತಾನಾಗಿ ಶೋಧಿತವಾದ ತಿಳಿನೀರನ್ನು ಸಂಗ್ರಹಿಸಿದರು. ಬೇಸಗೆಯಲ್ಲಿ ಜಯಮಂಗಲಿಯ ಮರಳನ್ನು ಬಗೆದು ಚಿಲುಮೆಯ ನೀರನ್ನು ಕಂಡವರಿಗೆ ಈ ಉಪಾಯವು ಅಪರಿಚಿತವಾಗಿ ತೋರಲಾರದು. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಪ್ರವಾಹವೇರಿದಾಗ ತಾವಾಗಿ ತೆರೆದು ಇಳಿದಾಗ ತಾವಾಗಿ ಮುಚ್ಚುವ ಬಾಗಿಲುಗಳನ್ನು ಇವರು ರಚಿಸಿದರು. ಅದರ ಹಕ್ಕನ್ನು ತಮ್ಮ ಹೆಸರಿನಲ್ಲಿ ನೊಂದಾಯಿಸಿದರೂ, ತಾವು ಸರಕಾರದ ನೌಕರರಾಗಿ ಕಂಡುಹಿಡಿದುದೆಂಬ ಕಾರಣದಿಂದ ಅಲ್ಲಿ ಅದಕ್ಕೆ ಪ್ರತಿಫಲವನ್ನು ಮುಟ್ಟಲಿಲ್ಲ.

1908ರಲ್ಲಿ ಮುಂಬಯಿಯ ಸೇವೆಯಿಂದ ನಿವೃತ್ತರಾಗಿ ವಿದೇಶಸಂಚಾರವನ್ನು ಕೈಕೊಂಡರು. ಅದೇ ವರ್ಷ ಮೂಸಿ ನದಿಯ ಮಹಾಪ್ರವಾಹದಿಂದ ಹಾಳಾಗಿದ್ದ ಹೈದರಾಬಾದಿಗೆ ಪ್ರವಾಹನಿವಾರಣೆಯ ಯೋಜನೆಯನ್ನು ಮಾಡಿಕೊಟ್ಟರು. ಅಷ್ಟರಲ್ಲಿ ಮೈಸೂರಿನಿಂದ ಚೀಫ್ ಇಂಜಿನಿಯರ್ ಪದವಿಗೆ ಕರೆ ಬಂದಿತು. ಇವರು ಕೂಡಲೆ ಒಪ್ಪಲಿಲ್ಲ. ಸಂಸ್ಥಾನದಲ್ಲಿ ಕೈಗಾರಿಕೆಯನ್ನೂ ಶಿಲ್ಪವಿದ್ಯಾಭ್ಯಾಸವನ್ನೂ ಬೆಳೆಸುವುದಕ್ಕೆ ತಮಗೆ ಅವಕಾಶವುಂಟೇ ಎಂದು ಮೊದಲು ವಿಚಾರಿಸಿದರು. ಅನುಕೂಲವಾದ ಉತ್ತರವು ಬಂದ ಮೇಲೆಯೇ, 1909ರ ನವೆಂಬರಿನಲ್ಲಿ, ಹಳೆಯ ವಿದ್ಯಾರ್ಥಿಯು ವೇತನವನ್ನಿತ್ತ ಸಂಸ್ಥಾನಕ್ಕೆ ಹಿಂದಿರುಗಿದರು.

ಕನ್ನಂಬಾಡಿಯ ಕಟ್ಟೆಯ ವೃತ್ತಾಂತವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1911ರಲ್ಲಿ ಆರಂಭವಾದ ಆ ಕಟ್ಟಡಕ್ಕೆ ಸುರ್ಕಿಯ ಗಾರೆಯನ್ನು ಬಳಸಿದುದನ್ನೂ, ಪುಣೆಯ ಬಾಗಿಲುಗಳೇ ಅಲ್ಲಿಯೂ ಬಂದು ನಿಂತುದನ್ನೂ ಎಲ್ಲರೂ ಬಲ್ಲರು. ಸಿರೆಯ ನೆರೆಯ ಹಿರಿಯೂರಿನ ಮಾರಿಕಣಿವೆಯ ಕಟ್ಟೆಯು ಇವರು ಬರುವುದಕ್ಕೆ ಮೊದಲೇ, 1907ರಲ್ಲಿ, ಪೂರ್ಣವಾಗಿದ್ದಿತು. ಅದನ್ನೂ ಇವರ ಹೆಸರಿಗೆ ಸೇರಿಸಿ ಹೇಳುವ ವಾಡಿಕೆಯು ಸರಿಯಲ್ಲ.

1912ರಲ್ಲಿ ಶ್ರೀ ಕೃಷ್ಣರಾಜ ಒಡೆಯರವರು ಇವರನ್ನು ದಿವಾನರನ್ನಾಗಿ ನೇಮಿಸಿದರು. ಪದವಿಯನ್ನು ಸ್ವೀಕರಿಸುವ ಮುನ್ನ ಬಂಧುಗಳನ್ನು ಕರೆದು, ಯಾರೂ ತಮ್ಮ ಬಳಿಗೆ ಶಿಫಾರಸನ್ನು ತರಕೂಡದೆಂದು ಮಾತು ತೆಗೆದುಕೊಂಡರೆಂಬ ಪ್ರತೀತಿಯಿದೆ. ಆ ಆರು ವರ್ಷಗಳಲ್ಲಿ ವಿದ್ಯೆಗೆ ದೊರೆತ ಪ್ರೋತ್ಸಾಹವು ಅಸಾಧಾರಣವಾದುದು. ಸುಮಾರು 4,500ರಷ್ಟಿದ್ದ ಪಾಠಶಾಲೆಗಳು 10,500ರಷ್ಟಾದುವು. ಓದುವ ಮಕ್ಕಳು ಸುಮಾರು 1,40,000ದಿಂದ 3,66,000ಕ್ಕೆ ಏರಿದರು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನೂ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ ಹುಟ್ಟಿದುವು. ತಾವು ಯಾವ ವಿದ್ಯೆಗಾಗಿ ಪುಣೆಯವರೆಗೆ ಹೋಗಬೇಕಾಯಿತೋ ಆ ವಿದ್ಯೆಯು ತಾಯ್ನೆಲದಲ್ಲಿಯೇ ದೊರೆಯುವಂತಾಯಿತು. ಹಿಂದುಳಿದ ಸಮಾಜಗಳ ಮಕ್ಕಳಿಗೂ ವಿದ್ಯಾರ್ಥಿವೇತನಗಳು ಮಂಜೂರಾದುವು.

ಇಷ್ಟಾದರೂ ಒಂದು ವಿಷಯದಲ್ಲಿ ವೀರಶೈವ ಸಮಾಜವೂ ದಿವಾನರೂ ಒಂದೇ ದಾರಿಯಲ್ಲಿ ನಡೆಯಲಿಲ್ಲವೆಂಬುದನ್ನು ಮರೆಮಾಚುವುದು ಚರಿತ್ರೆಗೆ ತಕ್ಕುದಲ್ಲ. ವೀರಶೈವರು, ಒಕ್ಕಲಿಗರು ಮೊದಲಾದವರ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿ, ಸರಕಾರದ ಹುದ್ದೆಗಳಲ್ಲಿ ತಮ್ಮವರಿಗೂ ಪಾಲು ಬೇಕೆಂದು ಬಿನ್ನವಿಸಿಕೊಂಡರು. ಮಹಾರಾಜರವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ಹುದ್ದೆಯು ಯೋಗ್ಯತೆಯನ್ನು ಮಾತ್ರ ನೋಡಬೇಕು, ಹಿಂದುಳಿದವರಿಗೆ ಸಲ್ಲಬೇಕಾದ ನೆರವು ವಿದ್ಯೆಯ ರೂಪದಲ್ಲಿ ಸಲ್ಲಬೇಕು ಎಂಬುದು ವಿಶ್ವೇಶ್ವರಯ್ಯನವರ ಅಭಿಪ್ರಾಯ. ಪರೀಕ್ಷೆಯ ಬಲದಿಂದಲೇ ಮೇಲೆ ಬಂದವರಿಗೆ ಅದು ಸಹಜವಾದ ಅಭಿಪ್ರಾಯವೇ. ಆದರೆ ಪರೀಕ್ಷೆಯ ಬಾಗಿಲಿಗೆ ಬರುವ ದಾರಿಯು ಎಲ್ಲರಿಗೂ ಒಂದೇ ಉದ್ದವಾಗಿರಲಿಲ್ಲ. ಸಂಸ್ಕೃತ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಬಡವನಿಗೆ ಬಡತನವೊಂದೇ ಅಡ್ಡಿ. ಪಾವಗಡದ ಹಳ್ಳಿಯ ಒಕ್ಕಲಮಗನಿಗೆ ಅದರೊಡನೆ ಮನೆಯಲ್ಲಿ ಅಕ್ಷರವೇ ಇಲ್ಲದ ತಲೆಮಾರುಗಳು ಅಡ್ಡಿ. ಆ ವರ್ಷದ ಕೊನೆಗೆ ದಿವಾನರು ಪದವಿಯನ್ನು ತ್ಯಜಿಸಿದರು. 1919ರಲ್ಲಿ ಬಂದ ಸಮಿತಿಯ ವರದಿಯು ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವಾದರೂ ಹಿಂದುಳಿದ ಸಮಾಜಗಳಿಗೆ ದೊರೆಯಬೇಕೆಂದು ಸೂಚಿಸಿತು.

ಸರಕಾರದ ವೇತನವು ತಲಪದ ಮಕ್ಕಳಿಗೆ ಸಮಾಜವೇ ಮುಂದೆ ಬಂದುದೂ ಈ ಕಾಲದಲ್ಲಿಯೇ. ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವರ್ತಕರಾಗಿ, 1910ರಲ್ಲಿ ಲಿಂಗೈಕ್ಯರಾದ ರಾವ್ ಬಹದ್ದೂರ್ ಧರ್ಮಪ್ರವರ್ತ ತೋಟದಪ್ಪನವರು ತಮ್ಮ ಸಂಪತ್ತನ್ನು ಧರ್ಮಛತ್ರಕ್ಕೂ ಉಚಿತ ವಿದ್ಯಾರ್ಥಿನಿಲಯಕ್ಕೂ ಧಾರೆಯೆರೆದಿದ್ದರು. 1927ರಲ್ಲಿ ವೀರಾಪುರದ ತರುಣರೊಬ್ಬರು ಆ ನಿಲಯದಲ್ಲಿದ್ದುಕೊಂಡು, ವಿಶ್ವೇಶ್ವರಯ್ಯನವರು ಓದಿದ ಅದೇ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾಗಿ ಸಹಸ್ರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದವರು ಅವರೇ.

ದಿವಾನಗಿರಿಯನ್ನು ಬಿಟ್ಟ ಮೇಲೆಯೂ ವಿಶ್ವೇಶ್ವರಯ್ಯನವರು ಸುಮ್ಮನಿರಲಿಲ್ಲ. 1923ರಿಂದ ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೇಲ್ವಿಚಾರಣೆಯನ್ನು ವಹಿಸಿ ಅದನ್ನು ಸರಿದಾರಿಗೆ ತಂದರು. ಅದಕ್ಕಾಗಿ ತಮಗೆ ಸಲ್ಲಬೇಕಾದ ಸಂಭಾವನೆಯ ಹಣವನ್ನು ತಾವು ತೆಗೆದುಕೊಳ್ಳದೆ, ಬಡ ಹುಡುಗರು ಕೈಕೆಲಸಗಳನ್ನು ಕಲಿಯುವ ಶಾಲೆಯೊಂದನ್ನು ಸ್ಥಾಪಿಸಲು ವಿನಿಯೋಗಿಸಬೇಕೆಂದು ಸರಕಾರವನ್ನು ಕೇಳಿಕೊಂಡರು. 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಹೀಗೆ ಹುಟ್ಟಿದುದು. ಆ ಶಾಲೆಗೆ ತಮ್ಮ ಹೆಸರನ್ನಿಡುವುದಕ್ಕೆ ಅವರು ಒಪ್ಪಲಿಲ್ಲ. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಇವರಿಗೆ ಸಂದಿತು. 1962ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಲಾಧೀನರಾಗಲು, ಇವರ ಪಾರ್ಥಿವಶರೀರವನ್ನು ಮುದ್ದೇನಹಳ್ಳಿಗೆ ಒಯ್ದು, ಹುಟ್ಟಿದ ಮನೆಗೆ ಸಮೀಪದಲ್ಲಿಯೇ ಅಂತ್ಯಕ್ರಿಯೆಯನ್ನು ನೆರವೇರಿಸಿದರು.