ವೆಂಕಟಮಖಿ: ವೀಣೆಯ ಮೆಟ್ಟಿಲುಗಳಿಗೆ ಹೆಸರಿಟ್ಟವನು

ಕನ್ನಡ ನಾಡಿನ ಎಲ್ಲೆಯಾಚೆ ನೆಲೆನಿಂತು, ಅಲ್ಲಿಯ ವಿದ್ಯೆಗೂ ಕಲೆಗೂ ದುಡಿದ ಮನೆತನಗಳನ್ನು ಎಣಿಸುವಾಗ ತಂಜಾವೂರಿನ ಗೋವಿಂದ ದೀಕ್ಷಿತನ ಮನೆತನವನ್ನು ಬಿಡಲಾಗದು. ಕನ್ನಡ ಮೂಲದ ಈ ಬ್ರಾಹ್ಮಣ ವಿದ್ವಾಂಸನು ನಾಯಕ ಅರಸರಾದ ಅಚ್ಯುತಪ್ಪನಿಗೂ ರಘುನಾಥನಿಗೂ ಮಂತ್ರಿಯಾಗಿದ್ದನು. ಕುಂಭಕೋಣದ ಮಹಾಮಖ ಕೊಳದ ಸುತ್ತಲಿನ 16 ಮಂಟಪಗಳು ಆತನ ಧರ್ಮಕಾರ್ಯವೆಂದು ಪ್ರಸಿದ್ಧವಾಗಿವೆ. ಪಟ್ಟೀಶ್ವರದ ದೇವಾಲಯದಲ್ಲಿ ಆತನ ಮತ್ತು ಆತನ ಪತ್ನಿ ನಾಗಾಂಬೆಯ ವಿಗ್ರಹಗಳಿವೆ. ಈ ದಂಪತಿಗಳ ಮಗನಾದ ವೆಂಕಟೇಶ್ವರ ದೀಕ್ಷಿತನೇ ವೆಂಕಟಮಖಿ. ಮಖವೆಂದರೆ ಯಜ್ಞ, ಯಜ್ಞ ಮಾಡಿದವನು ಮಖಿ.

ಸಂಗೀತಗಾರನೆಂದೇ ಇಂದು ಹೆಸರಾಗಿರುವ ಈತನು ತನ್ನ ಕಾಲದಲ್ಲಿ ಮೀಮಾಂಸಾ ಪಂಡಿತನೆಂದೂ ಅಷ್ಟೇ ಮಾನ್ಯನಾಗಿದ್ದನು. ಅಣ್ಣ ಯಜ್ಞನಾರಾಯಣ ದೀಕ್ಷಿತನು, ರಘುನಾಥ ನಾಯಕನ ಚರಿತೆಯನ್ನು ‘ಸಾಹಿತ್ಯರತ್ನಾಕರ’ವೆಂಬ ಕಾವ್ಯವಾಗಿಸಿದವನು, ಶಾಸ್ತ್ರಗಳಲ್ಲಿ ಈತನಿಗೆ ಗುರು. ಸಂಗೀತದಲ್ಲಿ ತಾನಪ್ಪಾಚಾರ್ಯನು ಗುರು. ಮೀಮಾಂಸೆಯಲ್ಲಿ ‘ವಾರ್ತಿಕಾಭರಣ’ವೆಂಬ ವ್ಯಾಖ್ಯಾನವನ್ನು ಬರೆದನು, ಮಧುರೆಯ ಹೆಸರಾಂತ ಕವಿ ನೀಲಕಂಠ ದೀಕ್ಷಿತನು ಈತನ ಶಿಷ್ಯ. ಪದದ ಅರ್ಥವನ್ನು ಎಳೆಎಳೆಯಾಗಿ ಬಿಡಿಸುವ, ಎದುರುವಾದಿಯ ಮಾತನ್ನು ತಾನೇ ಮುಂದಿಟ್ಟು ಖಂಡಿಸುವ ಮೀಮಾಂಸಕನ ಅಭ್ಯಾಸವು ಈತನ ಸಂಗೀತಗ್ರಂಥದಲ್ಲಿಯೂ ಎದ್ದು ಕಾಣುತ್ತದೆ.

ಆ ಗ್ರಂಥವೇ ‘ಚತುರ್ದಂಡೀಪ್ರಕಾಶಿಕಾ’. ರಘುನಾಥನ ಮಗನಾಗಿ 1634ರ ಸುಮಾರಿಗೆ ಪಟ್ಟವೇರಿದ ವಿಜಯರಾಘವ ನಾಯಕನ ಪ್ರೇರಣೆಯಿಂದ ವೆಂಕಟಮಖಿಯು ಇದನ್ನು ಸಂಸ್ಕೃತ ಶ್ಲೋಕಗಳಲ್ಲಿ ರಚಿಸಿದನು. ಗೀತ, ಪ್ರಬಂಧ, ಠಾಯ, ಆಲಾಪ ಎಂಬ ನಾಲ್ಕೇ ಆ ನಾಲ್ಕು ದಂಡಿಗಳು. ಗಮನಿಸತಕ್ಕದ್ದೆಂದರೆ ಗ್ರಂಥದ ಮೊದಲ ಪ್ರಕರಣವು ನಾದದ ಹುಟ್ಟಿನ ಕುರಿತಾಗಲಿ ಶ್ರುತಿಯ ಕುರಿತಾಗಲಿ ಅಲ್ಲ, ವೀಣೆಯ ಕುರಿತಾದುದು. ಶ್ರುತಿ, ಸ್ವರ, ಮೇಳ, ರಾಗಗಳೆಲ್ಲ ಅದರ ತರುವಾಯ ಬರುತ್ತವೆ. ಕಿವಿಯಿಂದ ಕೇಳಿದ್ದನ್ನು ಕಣ್ಣಿಗೆ ತೋರಿಸಿ ಬೆರಳಿಟ್ಟು ಹೇಳಬೇಕಾದರೆ ಮೆಟ್ಟಿಲುಗಳುಳ್ಳ ವೀಣೆಗಿಂತ ಸಮರ್ಪಕವಾದ ಸಾಧನವು ಬೇರೊಂದಿಲ್ಲ.

ಆದರೆ ಮೆಟ್ಟಿಲಿಗೆ ಹೆಸರಿಡುವುದು ತೋರುವಷ್ಟು ಸುಲಭವಲ್ಲ. ಶುದ್ಧಮೇಳ ವೀಣೆಯೆಂದು ಆಗ ಕರೆಯುತ್ತಿದ್ದ ವಾದ್ಯದ ನಾಲ್ಕು ತಂತಿಗಳನ್ನು ಷಡ್ಜ, ಪಂಚಮ, ಷಡ್ಜ, ಮಧ್ಯಮಗಳಿಗೆ ಶ್ರುತಿಗೂಡಿಸುತ್ತಿದ್ದರು. ಷಡ್ಜದ ತಂತಿಯ ಕೆಳಗೆ ಮೊದಲ ಮೆಟ್ಟಿಲು ಶುದ್ಧ ರಿಷಭವನ್ನು ಕೊಡುತ್ತದೆ. ಅದೇ ಮೆಟ್ಟಿಲು ಪಂಚಮದ ತಂತಿಯಲ್ಲಿ ಶುದ್ಧ ಧೈವತವನ್ನೂ ಮಧ್ಯಮದ ತಂತಿಯಲ್ಲಿ ವರಾಳಿ ಮಧ್ಯಮವನ್ನೂ ಕೊಡುತ್ತದೆ. ಮೆಟ್ಟಿಲು ಒಂದು, ಹೆಸರು ಮೂರು. ನೇರವಾಗಿ ಅಡ್ಡಲಾಗಿ ನಿಂತ ಲೋಹದ ಆ ಪಟ್ಟಿಯು ಎಲ್ಲ ತಂತಿಗಳಿಗೂ ಹೊಂದಬೇಕು. ಒಂದು ತಂತಿಗಾಗಿ ಕೂದಲೆಳೆಯಷ್ಟು ಸರಿಸಿದರೆ ಇನ್ನೊಂದು ತಂತಿಯ ಸ್ವರ ಕೆಡುವುದು. ಶಾಸ್ತ್ರವು ಸ್ಥಾಯಿಯೊಂದಕ್ಕೆ 22 ಶ್ರುತಿಗಳನ್ನು ಹೇಳುತ್ತದೆ. ಬೆರಳಿಗೆ ಎಡೆಯಿರುವಂತೆ ಮೆಟ್ಟಿಲುಗಳನ್ನು ಹೂಡಿದರೆ ದೊರೆಯುವ ಸ್ಥಾನಗಳು 12.

ಈ ಇಕ್ಕಟ್ಟನ್ನು ವೆಂಕಟಮಖಿಗಿಂತ ಮೊದಲೇ ಎದುರಿಸಿದವನು ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ 1550ರಲ್ಲಿ ‘ಸ್ವರಮೇಲಕಲಾನಿಧಿ’ಯನ್ನು ಬರೆದ ರಾಮಾಮಾತ್ಯ. ಅಂತರ ಗಾಂಧಾರಕ್ಕೂ ಕಾಕಲಿ ನಿಷಾದಕ್ಕೂ ಪ್ರತ್ಯೇಕ ಮೆಟ್ಟಿಲು ಹಾಕಿದರೆ ನುಡಿಸಲು ತೊಡಕಾಗುವುದೆಂದು ಆತನು ಅವುಗಳ ಪಕ್ಕದ ಚ್ಯುತಮಧ್ಯಮ ಗಾಂಧಾರ, ಚ್ಯುತಷಡ್ಜ ನಿಷಾದಗಳ ಮೆಟ್ಟಿಲುಗಳನ್ನೇ ಸಾಕೆಂದನು. ಹೀಗಾಗಿ ಹೆಸರಿನಲ್ಲಿ ಭೇದವುಳಿಯಿತು, ವಾದ್ಯದಲ್ಲಿ ಉಳಿಯಲಿಲ್ಲ. ಆತನು ಹೇಳಿದ 20 ಮೇಳಗಳು ಈ ಎರಡು ಭೇದಗಳನ್ನು ಕೈಬಿಟ್ಟರೆ 15ಕ್ಕೆ ಇಳಿಯುತ್ತವೆ. ವೆಂಕಟಮಖಿಯು ರಾಮಾಮಾತ್ಯನನ್ನು ಖಂಡಿಸುವ ಭಾಗಗಳು ಬಹಳ ಕಟುವಾಗಿವೆ, ಕೆಲವೆಡೆ ಅಗತ್ಯಕ್ಕಿಂತ ಹೆಚ್ಚು ಕಟುವೆನ್ನಬೇಕು; ಏಕೆಂದರೆ ಆತನು ನಡೆದದ್ದು ರಾಮಾಮಾತ್ಯನು ಸವೆಸಿದ ದಾರಿಯಲ್ಲೇ. ಆದರೂ ಹೆಸರುಗಳ ವಿಷಯದಲ್ಲಿ ಆತನು ತಂದ ಅಚ್ಚುಕಟ್ಟು ಹೊಸದು. ಚ್ಯುತವೆಂಬ ಹೆಸರುಗಳನ್ನು ಬಿಟ್ಟು, ಸಾಧಾರಣ ಗಾಂಧಾರ, ಅಂತರ ಗಾಂಧಾರ, ವರಾಳಿ ಮಧ್ಯಮ, ಕೈಶಿಕಿ ನಿಷಾದ, ಕಾಕಲಿ ನಿಷಾದ ಎಂದು ಐದೇ ವಿಕೃತಸ್ವರಗಳನ್ನು ಇಟ್ಟುಕೊಂಡನು. ಏಳು ಶುದ್ಧ, ಐದು ವಿಕೃತ: ಮೆಟ್ಟಿಲುಗಳ ಲೆಕ್ಕಕ್ಕೂ ಹೆಸರುಗಳ ಲೆಕ್ಕಕ್ಕೂ ಹೊಂದಿಕೆಯಾಯಿತು.

ಇನ್ನೊಂದು ತೊಡಕು ಉಳಿದಿತ್ತು. ಷಡ್ಜದ ತಂತಿಯ ಎರಡನೆಯ ಮೆಟ್ಟಿಲು ಶುದ್ಧ ಗಾಂಧಾರ. ಆದರೆ ಅದರ ಮೇಲೆ ಬೇರೊಂದು ಗಾಂಧಾರ ಬರುವ ರಾಗದಲ್ಲಿ ಅದೇ ಸ್ಥಾನವು ಪಂಚಶ್ರುತಿ ರಿಷಭವೆನಿಸುತ್ತದೆ. ಮೂರನೆಯದು ಸಾಧಾರಣ ಗಾಂಧಾರವೂ ಹೌದು, ಷಟ್‌ಶ್ರುತಿ ರಿಷಭವೂ ಹೌದು. ವೆಂಕಟಮಖಿಯು ಈ ಎರಡು ಹೆಸರುಗಳಲ್ಲಿ ಒಂದನ್ನು ಅಳಿಸಲಿಲ್ಲ. ಬದಲಾಗಿ ಪ್ರತಿಯೊಂದಕ್ಕೂ ಒಂದೊಂದು ಅಕ್ಷರವನ್ನು ಕೊಟ್ಟನು. ರಿಷಭದ ಮೂರು ಸ್ಥಾನಗಳು ರ, ರಿ, ರು. ಗಾಂಧಾರದವು ಗ, ಗಿ, ಗು. ಮಧ್ಯಮದ ಎರಡು ಮ, ಮಿ. ಧೈವತಕ್ಕೆ ಧ, ಧಿ, ಧು. ನಿಷಾದಕ್ಕೆ ನ, ನಿ, ನು. ವ್ಯಂಜನವು ಸ್ವರದ ಜಾತಿಯನ್ನೂ ಅದಕ್ಕೆ ಹತ್ತಿದ ಅ, ಇ, ಉಕಾರಗಳು ಏರಿಕೆಯನ್ನೂ ಹೇಳುತ್ತವೆ. ಕಾಗುಣಿತ ಬಲ್ಲ ಮಗುವೂ ಇದನ್ನು ಕಲಿಯಬಹುದು. ‘ರಿ’ ಮತ್ತು ‘ಗ’ ಒಂದೇ ಮೆಟ್ಟಿಲು. ‘ರು’ ಮತ್ತು ‘ಗಿ’ ಒಂದೇ ಮೆಟ್ಟಿಲು. ಆದರೆ ಅಕ್ಷರವನ್ನು ಓದಿದೊಡನೆ ರಾಗದಲ್ಲಿ ಅದರ ಪಾತ್ರ ಯಾವುದೆಂಬುದು ತಿಳಿಯುತ್ತದೆ.

ಹೆಸರು ಖಚಿತವಾದೊಡನೆ ಎಣಿಕೆ ತಾನಾಗಿ ಬಂದಿತು. ಛಂದಸ್ಸಿನಲ್ಲಿ ಪ್ರಸ್ತಾರ ಹಾಕಿದವರಿಗೆ ಇದು ಪರಿಚಿತವಾದ ಕ್ರಮ: ಮೂರು ಮಾತ್ರೆಯ ಗಣಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8 ರೂಪಗಳು ಸಿಗುವಂತೆ ಇಲ್ಲಿಯೂ ರಗ, ರಗಿ, ರಗು, ರಿಗಿ, ರಿಗು, ರುಗು ಎಂದು ಆರು ಜೋಡಿಗಳು ಸಿಗುತ್ತವೆ. ಧೈವತ ನಿಷಾದಗಳಲ್ಲಿಯೂ ಆರು. ಆರಕ್ಕೆ ಆರು ಸೇರಿ 36. ಮಧ್ಯಮ ‘ಮ’ ಆದರೆ 36, ‘ಮಿ’ ಆದರೆ ಮತ್ತೆ 36. ಒಟ್ಟು 72 ಮೇಳಗಳು. ಶಿವನೇ ಬಂದರೂ ಇದಕ್ಕೆ ಒಂದನ್ನು ಕೂಡಿಸಲಾರ, ಒಂದನ್ನು ಕಳೆಯಲಾರ ಎಂಬರ್ಥದ ಸವಾಲನ್ನೂ ಆತನು ಹಾಕಿದ್ದಾನೆ.

ಆಗ ಬಳಕೆಯಲ್ಲಿದ್ದವೆಂದು ಆತನೇ ವಿವರಿಸಿದ ಮೇಳಗಳಾದರೋ 19 ಮಾತ್ರ. ಮುಖಾರಿ, ಗೌಳ, ಭೈರವಿ, ಶ್ರೀರಾಗ, ಶಂಕರಾಭರಣ, ಕಲ್ಯಾಣಿ ಮುಂತಾದ ಅವುಗಳ ಸಾಲಿನಲ್ಲಿರುವ ಸಿಂಹರವವು ಆತನದೇ ಕಲ್ಪನೆ. ಹಾಗಾದರೆ ಉಳಿದ 53 ಏತಕ್ಕೆ? ಈ ಆಕ್ಷೇಪವನ್ನು ಮೀಮಾಂಸಕನಾದ ಆತನೇ ಎತ್ತಿಕೊಳ್ಳುತ್ತಾನೆ. ಬೇರೆ ದೇಶಗಳಲ್ಲಿ ಇರಬಹುದಾದ, ಮುಂದೆ ಹುಟ್ಟಬಹುದಾದ ರಾಗಗಳಿಗೂ ಎಡೆಯಿರಲೆಂಬುದು ಆತನ ಸಮಾಧಾನ. ಕೈಯಲ್ಲಿರುವ ಸಂಗೀತವನ್ನು ವರ್ಣಿಸುವುದಷ್ಟೇ ಲಕ್ಷಣಕಾರನ ಕೆಲಸವೆಂದು ನಂಬಿದವರಿಗೆ ಇದು ಒಣ ಗಣಿತವೆನಿಸಿದ್ದರೆ ಆಶ್ಚರ್ಯವಿಲ್ಲ. ಅಲ್ಲದೆ ಅಕ್ಷರವು ಮೆಟ್ಟಿಲನ್ನು ತೋರಿಸೀತೇ ಹೊರತು ತಂತಿಯನ್ನು ಎಳೆದು ಮೀಟುವಾಗ ಮೆಟ್ಟಿಲುಗಳ ನಡುವೆ ಹುಟ್ಟುವ ಸೂಕ್ಷ್ಮನಾದವನ್ನು ತೋರಿಸಲಾರದು. ಆ ಕೆಲಸವನ್ನು ಗಮಕವೇ ಮಾಡಬೇಕು.

1673ರಲ್ಲಿ ಮಧುರೆಯ ಸೈನ್ಯವು ತಂಜಾವೂರನ್ನು ಮುತ್ತಿತು. ವಿಜಯರಾಘವನು ಹೋರಾಡಿ ಮಡಿದನು. ಆಸ್ಥಾನ ಅಳಿದರೂ ವಿದ್ಯೆಯು ವಂಶದಲ್ಲಿ ಉಳಿಯಿತು. ವಂಶಜನಾದ ಮುದ್ದು ವೆಂಕಟಮಖಿಯ ಹೆಸರಿನಲ್ಲಿ 72 ಮೇಳಗಳಿಗೂ ನಾಮಾವಳಿಯೊಂದು ಬೆಳೆಯಿತು. ಆ ವಂಶದ ವೆಂಕಟ ವೈದ್ಯನಾಥ ದೀಕ್ಷಿತನಲ್ಲಿ ರಾಮಸ್ವಾಮಿ ದೀಕ್ಷಿತರು ಕಲಿತರು. ಅವರ ಮಗ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಲ್ಲಿ ಲೆಕ್ಕದ ಮೇಳಗಳು ಹಾಡುವ ರಾಗಗಳಾದವು. ಧೀರಶಂಕರಾಭರಣ, ಮೇಚಕಲ್ಯಾಣಿ ಎಂಬಲ್ಲಿಯ ಮೊದಲ ಎರಡಕ್ಷರಗಳನ್ನು ಕಟಪಯಾದಿ ಸಂಖ್ಯೆಯಂತೆ ಓದಿ ಹಿಂದುಮುಂದಾಗಿಸಿದರೆ 29, 65 ಎಂದು ಮೇಳದ ಕ್ರಮಾಂಕ ಸಿಗುವ ಉಪಾಯವೂ ತರುವಾಯದವರದು. ಎರಡಕ್ಕೂ ಅಂತರ 36; ‘ಮ’ ಹೋಗಿ ‘ಮಿ’ ಬಂದದ್ದಷ್ಟೇ ವ್ಯತ್ಯಾಸ.

ಮೂಲಗ್ರಂಥದ ಹಸ್ತಪ್ರತಿಯು ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರ ಬಳಿಯಿದ್ದಿತು. 1904ರಲ್ಲಿ ದಕ್ಷಿಣಯಾತ್ರೆಗೆ ಬಂದ ಭಾತಖಂಡೆಯವರು ಅವರನ್ನು ಕಂಡರು. ಮದರಾಸಿನ ಸಂಗೀತ ಅಕಾಡೆಮಿಯು 1934ರಲ್ಲಿ ಗ್ರಂಥವನ್ನು ಅಚ್ಚು ಹಾಕಿಸಿತು. ಅದರಲ್ಲಿ ಪ್ರಬಂಧ ಪ್ರಕರಣವು ನಡುವೆಯೇ ಕಡಿದುಹೋಗಿದೆ. ಹತ್ತನೆಯದಾದ ತಾಳ ಪ್ರಕರಣವು ಇಲ್ಲ.