ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದರೆ ಏನಾಗುತ್ತದೆ? ಥಿಯೋಡೋರ್ ಕೋಖರ್ ಕಂಡುಕೊಂಡ ಕಹಿಸತ್ಯ

ಅವರಿಗೆ ಥೈರಾಯ್ಡ್ ಇದೆಯಂತೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಿಜ ಹೇಳಬೇಕೆಂದರೆ ಥೈರಾಯ್ಡ್ ಎಂಬುದು ಕಾಯಿಲೆಯ ಹೆಸರಲ್ಲ, ನಮ್ಮೆಲ್ಲರ ಕುತ್ತಿಗೆಯಲ್ಲೂ ಇರುವ ಒಂದು ಗ್ರಂಥಿಯ ಹೆಸರು. ಗಂಟಲಿನ ಮುಂಭಾಗದಲ್ಲಿ ಶ್ವಾಸನಾಳವನ್ನು ತಬ್ಬಿಕೊಂಡಂತೆ, ಚಿಟ್ಟೆಯ ಆಕಾರದಲ್ಲಿ ಇದು ಇರುತ್ತದೆ. ದೊಡ್ಡವರಲ್ಲಿ ಇದರ ತೂಕ ಸುಮಾರು 20 ಗ್ರಾಂ ಅಷ್ಟೇ.

ಈ ಪುಟ್ಟ ಗ್ರಂಥಿಯ ಕೆಲಸ ಏನು ಎಂಬುದು 150 ವರ್ಷಗಳ ಹಿಂದೆ ವೈದ್ಯರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯುವ ದಾರಿ ತೋರಿಸಿದವರಲ್ಲಿ ಮುಖ್ಯರು ಸ್ವಿಟ್ಜರ್ಲೆಂಡಿನ ಥಿಯೋಡೋರ್ ಕೋಖರ್. 1909ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಮೊದಲ ಶಸ್ತ್ರವೈದ್ಯ. ಆದರೆ ಅವರ ಈ ತಿಳಿವಳಿಕೆ ಶುರುವಾದದ್ದು, ತಮ್ಮದೇ ಚಿಕಿತ್ಸೆಯಿಂದ ರೋಗಿಗಳಿಗೆ ಹಾನಿಯಾಗಿದೆ ಎಂದು ಗೊತ್ತಾದಾಗ.

ಬರ್ನ್ ನಗರದ ಯುವ ಪ್ರಾಧ್ಯಾಪಕ

ಕೋಖರ್ ಹುಟ್ಟಿದ್ದು 1841ರ ಆಗಸ್ಟ್ 25ರಂದು, ಬರ್ನ್ ನಗರದಲ್ಲಿ. ಅಲ್ಲಿಯೇ ವೈದ್ಯಕೀಯ ಓದಿ, ಬಳಿಕ ಬರ್ಲಿನ್, ಲಂಡನ್, ಪ್ಯಾರಿಸ್ ಮತ್ತು ವಿಯೆನ್ನಾಗಳಲ್ಲಿ ಆ ಕಾಲದ ಹೆಸರಾಂತ ಶಸ್ತ್ರವೈದ್ಯರು ಕೆಲಸ ಮಾಡುವುದನ್ನು ನೋಡಿ ಬಂದರು. 1872ರಲ್ಲಿ ಬರ್ನ್ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದಾಗ ಅವರಿಗಿನ್ನೂ 30 ದಾಟಿತ್ತಷ್ಟೆ. ಸಾಯುವವರೆಗೂ, ಅಂದರೆ 45 ವರ್ಷ, ಅದೇ ಹುದ್ದೆಯಲ್ಲಿದ್ದರು.

ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಆಗ ಗಳಗಂಡ ತೀರಾ ಸಾಮಾನ್ಯ. ಅಲ್ಲಿನ ಮಣ್ಣು, ನೀರಿನಲ್ಲಿ ಅಯೋಡಿನ್ ಕಡಿಮೆ. ಅಯೋಡಿನ್ ಸಾಲದೆ ಹೋದರೆ ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತದೆ. ಕೆಲವರಲ್ಲಿ ಗಡ್ಡೆ ಎಷ್ಟು ಬೆಳೆಯುತ್ತಿತ್ತೆಂದರೆ ಶ್ವಾಸನಾಳ ಒತ್ತಿಹೋಗಿ ಉಸಿರಾಟವೇ ಕಷ್ಟವಾಗುತ್ತಿತ್ತು. ಆಪರೇಷನ್ ಮಾಡೋಣವೆಂದರೆ ಅದು ಇನ್ನೂ ಅಪಾಯ. ಥೈರಾಯ್ಡ್‌ಗೆ ರಕ್ತನಾಳಗಳು ಬಹಳ, ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. ರಕ್ತಸ್ರಾವವಾಗದೆ ಉಳಿದವರು ಸೋಂಕಿನಿಂದ ಸಾಯುತ್ತಿದ್ದರು. 1850ರಲ್ಲಿ ಫ್ರಾನ್ಸಿನ ವೈದ್ಯಕೀಯ ಅಕಾಡೆಮಿ ಈ ಆಪರೇಷನ್ ಮಾಡಲೇಬಾರದು ಎಂಬ ನಿಲುವು ತಳೆದಿತ್ತು.

ಕೋಖರ್ ಈ ಸ್ಥಿತಿಯನ್ನು ಬದಲಿಸಿದರು. ಕ್ರಿಮಿನಾಶಕ ಬಳಸುವ ಜೋಸೆಫ್ ಲಿಸ್ಟರ್ ಅವರ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ಅವಸರ ಮಾಡದೆ, ಒಂದೊಂದೇ ರಕ್ತನಾಳವನ್ನು ಹಿಡಿದು ಕಟ್ಟಿ, ಆಮೇಲೆ ಕತ್ತರಿಸುತ್ತಿದ್ದರು. ರಕ್ತನಾಳ ಹಿಡಿಯಲು ಅವರು ರೂಪಿಸಿದ ಇಕ್ಕಳ ಇಂದಿಗೂ ಅವರ ಹೆಸರಿನಲ್ಲೇ ಆಪರೇಷನ್ ಥಿಯೇಟರ್‌ಗಳಲ್ಲಿದೆ. ಸಾವಿನ ಪ್ರಮಾಣ ಇಳಿಯುತ್ತಾ ಹೋಯಿತು. ಗಡ್ಡೆ ಮತ್ತೆ ಬೆಳೆಯದಿರಲಿ ಎಂದು ಅನೇಕರಲ್ಲಿ ಇಡೀ ಗ್ರಂಥಿಯನ್ನೇ ತೆಗೆದುಹಾಕುತ್ತಿದ್ದರು. ಅದಕ್ಕೆ ಯಾವ ಕೆಲಸವೂ ತಿಳಿದಿರಲಿಲ್ಲವಲ್ಲ, ಹಾಗಾಗಿ ತೆಗೆಯುವುದರಲ್ಲಿ ತಪ್ಪೇನೂ ಕಾಣಿಸಿರಲಿಲ್ಲ.

11 ವರ್ಷದ ಹುಡುಗಿ

1874ರ ಜನವರಿಯಲ್ಲಿ ಕೋಖರ್ 11 ವರ್ಷದ ಹುಡುಗಿಯೊಬ್ಬಳ ಗಳಗಂಡ ತೆಗೆದರು. ಆಪರೇಷನ್ ಚೆನ್ನಾಗಿಯೇ ಆಯಿತು, ಗಾಯ ಮಾಯಿತು, ಹುಡುಗಿ ಮನೆಗೆ ಹೋದಳು. ಆದರೆ ಅವಳನ್ನು ಕಳುಹಿಸಿಕೊಟ್ಟಿದ್ದ ವೈದ್ಯರು ಆಮೇಲೆ ಬೇರೆಯೇ ಸುದ್ದಿ ತಂದರು. ಚುರುಕಾಗಿದ್ದ ಹುಡುಗಿ ಮಂಕಾಗಿದ್ದಾಳೆ, ಸ್ವಭಾವವೇ ಬದಲಾಗಿದೆ ಎಂದು. ಆಗ ಅದರ ಅರ್ಥ ಪೂರ್ತಿಯಾಗಿ ತಿಳಿಯಲಿಲ್ಲ, ವರ್ಷಗಳು ಉರುಳಿದವು.

1882ರಲ್ಲಿ ಜಿನೀವಾದ ಶಸ್ತ್ರವೈದ್ಯ ಝಾಕ್ ಲೂಯಿ ರೆವೆರ್ಡಿನ್ ಅವರನ್ನು ಕೋಖರ್ ಭೇಟಿಯಾದರು. ಇಡೀ ಥೈರಾಯ್ಡ್ ತೆಗೆದ ಕೆಲವರು ಕ್ರಮೇಣ ನಿಶ್ಶಕ್ತರಾಗಿ, ಮುಖ ಊದಿಕೊಂಡು, ಮಂಕಾಗಿರುವುದನ್ನು ರೆವೆರ್ಡಿನ್ ಗಮನಿಸಿದ್ದರು. ಈ ಮಾತು ಕೋಖರ್ ಅವರನ್ನು ಕಾಡಿತು. ಬರ್ನ್‌ಗೆ ಮರಳಿದವರೇ ತಮ್ಮ ಹಳೆಯ ರೋಗಿಗಳನ್ನು ಮತ್ತೆ ಕರೆಸಿದರು.

ಪೂರ್ತಿ ಗ್ರಂಥಿ ಕಳೆದುಕೊಂಡಿದ್ದ 34 ಮಂದಿಯಲ್ಲಿ 18 ಮಂದಿ ತಪಾಸಣೆಗೆ ಸಿಕ್ಕರು. ಅವರಲ್ಲಿ ಇಬ್ಬರು ಮಾತ್ರ ಆರೋಗ್ಯವಾಗಿದ್ದರು. ಉಳಿದ 16 ಮಂದಿಗೆ ಸುಸ್ತು, ಚಳಿ ತಡೆಯಲಾಗದಿರುವುದು, ಊದಿದ ಮುಖ, ಒಣಗಿದ ಚರ್ಮ, ನಿಧಾನವಾದ ಮಾತು ಮತ್ತು ಯೋಚನೆ. ಚಿಕ್ಕವರಲ್ಲಿ ಬೆಳವಣಿಗೆಯೇ ನಿಂತುಹೋಗಿತ್ತು. ಆ ಹುಡುಗಿಗೊಬ್ಬಳು ತಂಗಿ ಇದ್ದಳು. ಒಂದು ಕಾಲದಲ್ಲಿ ಇಬ್ಬರಲ್ಲಿ ಅಕ್ಕ ಯಾರು, ತಂಗಿ ಯಾರು ಎಂದು ಗುರುತಿಸುವುದೇ ಕಷ್ಟವಾಗಿತ್ತಂತೆ. ಈಗ ತಂಗಿ ಎತ್ತರದ ತರುಣಿಯಾಗಿದ್ದರೆ, ಅಕ್ಕ ಮಗುವಿನಷ್ಟೇ ಎತ್ತರದಲ್ಲಿ ಉಳಿದುಬಿಟ್ಟಿದ್ದಳು.

ತಪ್ಪನ್ನು ಮುಚ್ಚಿಡಲಿಲ್ಲ

ಇದನ್ನು ಬರ್ನ್‌ನಲ್ಲೇ ಮುಚ್ಚಿಡುವುದು ಸುಲಭವಿತ್ತು. ಕೋಖರ್ ಹಾಗೆ ಮಾಡಲಿಲ್ಲ. 1883ರ ಏಪ್ರಿಲ್‌ನಲ್ಲಿ ಬರ್ಲಿನ್‌ನಲ್ಲಿ ನಡೆದ ಜರ್ಮನ್ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಎಲ್ಲವನ್ನೂ ಮುಂದಿಟ್ಟರು. ಈ ಸ್ಥಿತಿಗೆ ಕ್ಯಾಕೆಕ್ಸಿಯಾ ಸ್ಟ್ರುಮಿಪ್ರೈವಾ ಎಂದು ಹೆಸರಿಟ್ಟರು, ಗಳಗಂಡ ಕಳೆದುಕೊಂಡದ್ದರಿಂದ ಬಂದ ಕ್ಷೀಣತೆ ಎಂದು ಇದರ ಅರ್ಥ. ಕ್ಯಾನ್ಸರ್ ಅಲ್ಲದ ಗಳಗಂಡಕ್ಕೆ ಇಡೀ ಗ್ರಂಥಿ ತೆಗೆಯುವುದನ್ನು ನಿಲ್ಲಿಸಿ, ಒಂದಷ್ಟು ಭಾಗವನ್ನು ಉಳಿಸತೊಡಗಿದರು. ಇದನ್ನು ಮೊದಲು ಗುರುತಿಸಿದವರು ಯಾರು ಎಂಬ ಬಗ್ಗೆ ಕೋಖರ್ ಮತ್ತು ರೆವೆರ್ಡಿನ್ ನಡುವೆ ಮುಂದೆ ವಾದವೂ ನಡೆಯಿತು.

ಕಾರಣ ಏನು ಎಂಬಲ್ಲಿ ಮಾತ್ರ ಕೋಖರ್ ಮೊದಲು ಎಡವಿದರು. ಆಪರೇಷನ್ನಿನಿಂದ ಶ್ವಾಸನಾಳ ದುರ್ಬಲವಾಗಿ ದೇಹಕ್ಕೆ ಆಮ್ಲಜನಕ ಸಾಲದೆ ಹೀಗಾಗಿದೆ ಎಂದುಕೊಂಡಿದ್ದರು. ಲಂಡನ್ನಿನ ವೈದ್ಯರು ಬೇರೆ ದಾರಿಯಲ್ಲಿ ಯೋಚಿಸಿದರು. ಮಿಕ್ಸೆಡೀಮಾ ಎಂಬ ಕಾಯಿಲೆಯ ಲಕ್ಷಣಗಳೂ ಹೀಗೇ ಇವೆಯಲ್ಲ, ಎರಡಕ್ಕೂ ಥೈರಾಯ್ಡ್ ಇಲ್ಲದಿರುವುದೇ ಕಾರಣವಿರಬೇಕು ಎಂದರು. ಮುಂದಿನ ಪರೀಕ್ಷೆಗಳಿಂದ ಅದೇ ಸರಿ ಎಂದು ಸಾಬೀತಾಯಿತು.

ಇಲ್ಲೊಂದು ವಿಪರ್ಯಾಸವಿದೆ. ವಿಯೆನ್ನಾದ ಥಿಯೋಡೋರ್ ಬಿಲ್‌ರೋತ್ ಕೂಡ ಇದೇ ಆಪರೇಷನ್ ಮಾಡುತ್ತಿದ್ದರು. ಅವರ ರೋಗಿಗಳಿಗೆ ಈ ಮಂಕುತನ ಅಷ್ಟಾಗಿ ಬರಲಿಲ್ಲ. ಬದಲಿಗೆ ಸ್ನಾಯುಗಳು ಸೆಟೆದುಕೊಳ್ಳುತ್ತಿದ್ದವು. ಎರಡೂ ಕಡೆ ನೋಡಿದ್ದ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಇದಕ್ಕೆ ಕಾರಣ ಊಹಿಸಿದರು. ಬಿಲ್‌ರೋತ್ ಕೈ ವೇಗದ್ದು. ಹಾಗಾಗಿ ಥೈರಾಯ್ಡ್‌ನ ಚೂರುಗಳು ಉಳಿಯುತ್ತಿದ್ದವು, ಆದರೆ ಅದರ ಹಿಂದೆ ಅಂಟಿಕೊಂಡಿರುವ, ರಕ್ತದ ಕ್ಯಾಲ್ಸಿಯಂ ಕಾಯುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗುತ್ತಿತ್ತು. ಕೋಖರ್ ಕೈ ನಿಧಾನ, ಅಚ್ಚುಕಟ್ಟು. ಪ್ಯಾರಾಥೈರಾಯ್ಡ್ ಉಳಿಯುತ್ತಿತ್ತು, ಥೈರಾಯ್ಡ್ ಮಾತ್ರ ಚೂರೂ ಬಿಡದಂತೆ ಹೋಗುತ್ತಿತ್ತು. ಕೆಲಸ ಅಷ್ಟು ಚೆನ್ನಾಗಿದ್ದುದರಿಂದಲೇ ಹಾನಿ ಪೂರ್ಣವಾಗಿತ್ತು.

ಹಾಗಾದರೆ ಥೈರಾಯ್ಡ್ ಏನು ಮಾಡುತ್ತದೆ?

ಥೈರಾಯ್ಡ್ ಒಂದು ನಿರ್ನಾಳ ಗ್ರಂಥಿ. ಜೊಲ್ಲಿನ ಗ್ರಂಥಿಗೆ ನಾಳವಿದೆ, ಅದರ ರಸ ಬಾಯಿಗೆ ಬಂದು ಬೀಳುತ್ತದೆ. ನಿರ್ನಾಳ ಗ್ರಂಥಿಗೆ ಅಂಥ ನಾಳವಿಲ್ಲ. ತಾನು ತಯಾರಿಸಿದ ವಸ್ತುವನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಹಾಗೆ ರಕ್ತದಲ್ಲಿ ಸಾಗಿ ದೂರದ ಅಂಗಗಳಿಗೆ ಸಂದೇಶ ಒಯ್ಯುವ ವಸ್ತುಗಳೇ ಹಾರ್ಮೋನುಗಳು. ಈ ಪದ ಬಳಕೆಗೆ ಬಂದದ್ದು 1905ರಲ್ಲಿ, ಅಂದರೆ ಕೋಖರ್ ತಮ್ಮ ರೋಗಿಗಳನ್ನು ಮತ್ತೆ ಕರೆಸಿ 20 ವರ್ಷ ಕಳೆದ ಮೇಲೆ.

ಥೈರಾಯ್ಡ್ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕೇ ಬೇಕು. ಜೀವಕೋಶಗಳು ಎಷ್ಟು ವೇಗವಾಗಿ ಶಕ್ತಿಯನ್ನು ಬಳಸಬೇಕು ಎಂಬುದನ್ನು ಈ ಹಾರ್ಮೋನು ನಿರ್ಧರಿಸುತ್ತದೆ. ಕಡಿಮೆಯಾದರೆ ದೇಹದ ಬಿಸಿ, ಎದೆಬಡಿತ, ಯೋಚನೆ ಎಲ್ಲವೂ ನಿಧಾನ. ಮಕ್ಕಳಲ್ಲಿ ಮೂಳೆ ಮತ್ತು ಮಿದುಳು ಬೆಳೆಯುವುದಕ್ಕೂ ಇದು ಬೇಕು. ಎಷ್ಟು ತಯಾರಾಗಬೇಕು ಎಂದು ನೋಡಿಕೊಳ್ಳುವುದು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ. ನೀರಿನ ಟ್ಯಾಂಕಿನಲ್ಲಿ ಮಟ್ಟ ಇಳಿದಾಗ ತೇಲುವ ಚೆಂಡು ಕೆಳಗಿಳಿದು ನೀರು ಬಿಡುತ್ತದೆ, ತುಂಬಿದಾಗ ಮೇಲೇರಿ ನಿಲ್ಲಿಸುತ್ತದೆ. ಇದೂ ಹಾಗೆಯೇ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಪಿಟ್ಯುಟರಿಯು ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಥೈರಾಯ್ಡ್ ಸೊರಗಿದವರ ರಕ್ತಪರೀಕ್ಷೆಯಲ್ಲಿ ಸಾಮಾನ್ಯವಾಗಿ ಟಿಎಸ್‌ಎಚ್ ಹೆಚ್ಚಾಗಿ ಕಾಣುವುದು ಇದಕ್ಕೇ.

ಚಿಕಿತ್ಸೆ ಸಿಕ್ಕಿತು

1883ರಲ್ಲೇ ಕೋಖರ್ ರೋಗಿಯೊಬ್ಬರಿಗೆ ಥೈರಾಯ್ಡ್ ಅಂಗಾಂಶವನ್ನು ಕಸಿ ಮಾಡಿ ನೋಡಿದರು. ಅಂಥ ಕಸಿಗಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್‌ನಿಂದ ತೆಗೆದ ಸಾರವನ್ನು ಮಿಕ್ಸೆಡೀಮಾ ಇದ್ದ ಮಹಿಳೆಯೊಬ್ಬರಿಗೆ ಚುಚ್ಚುಮದ್ದಾಗಿ ಕೊಟ್ಟರು. ಆಕೆ ಚೇತರಿಸಿಕೊಂಡು, ಮುಂದೆ 28 ವರ್ಷ ಬದುಕಿದರು. ಇದನ್ನು ಬಾಯಿಯ ಮೂಲಕ ಕೊಟ್ಟರೂ ಕೆಲಸ ಮಾಡುತ್ತದೆ ಎಂದು ಮರುವರ್ಷವೇ ಗೊತ್ತಾಯಿತು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಹಾರ್ಮೋನನ್ನೇ ಬೇರ್ಪಡಿಸಿದರು.

ಕೋಖರ್ ತಮ್ಮ ಜೀವಿತದಲ್ಲಿ 5000ಕ್ಕೂ ಹೆಚ್ಚು ಥೈರಾಯ್ಡ್ ಆಪರೇಷನ್ ಮಾಡಿದರು. ಕೊನೆಯ ವರ್ಷಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಿತ್ತು. 1917ರ ಜುಲೈ 27ರಂದು ಬರ್ನ್‌ನಲ್ಲೇ ತೀರಿಕೊಂಡರು. ಐದು ವರ್ಷದ ನಂತರ ಸ್ವಿಟ್ಜರ್ಲೆಂಡಿನಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಬಂತು, ಅವರು ಬದುಕಿಡೀ ಕತ್ತರಿಸಿದ ಗಳಗಂಡ ಕ್ರಮೇಣ ಅಪರೂಪವಾಯಿತು. ಹಿಮಾಲಯದ ತಪ್ಪಲಿನಲ್ಲಿ ಇದೇ ಸಮಸ್ಯೆಯಿದ್ದ ಭಾರತವೂ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು.

ಇಂದು ಕ್ಯಾನ್ಸರ್‌ನಂಥ ಕಾರಣಕ್ಕೆ ಇಡೀ ಥೈರಾಯ್ಡ್ ತೆಗೆದರೂ ದಿನಕ್ಕೊಂದು ಮಾತ್ರೆ ನುಂಗಿ ಆರೋಗ್ಯವಾಗಿ ಬದುಕಬಹುದು. ಆ ಮಾತ್ರೆಯಲ್ಲಿರುವುದು ದೇಹವೇ ತಯಾರಿಸಬೇಕಿದ್ದ ಹಾರ್ಮೋನು. ಮೈ ಹಗುರವಾಯಿತು, ಇನ್ನು ಸಾಕು ಎಂದು ತಾವಾಗಿಯೇ ಮಾತ್ರೆ ನಿಲ್ಲಿಸುವವರು ನಮ್ಮಲ್ಲಿ ಇದ್ದಾರೆ. ಗ್ರಂಥಿಯೇ ಇಲ್ಲದವರು ಹಾಗೆ ಮಾಡಿದರೆ, ಕೋಖರ್ ಮತ್ತೆ ಕರೆಸಿದ ಆ 16 ಮಂದಿಯ ಸ್ಥಿತಿಯತ್ತಲೇ ಮೆಲ್ಲಗೆ ಸಾಗುತ್ತಾರೆ. ಹಾಗಾಗಿ ಮಾತ್ರೆಯ ಪ್ರಮಾಣ ಬದಲಿಸುವ ಮುನ್ನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ.